ಶ್ರುತಿ ಇಳಿದರೆ ಹಾಡು ಇಳಿದೀತೇ?



'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯನ್ನು ನೀವೂ ಮನೆಯಲ್ಲಿ ಎಂದಾದರೂ ಕೇಳಿರುತ್ತೀರಿ. ಅಜ್ಜ ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಕನ್ನಡಕ ಹುಡುಕುವಾಗ ಯಾರಾದರೂ ಅಂದೇ ಅನ್ನುತ್ತಾರೆ. ಗಾದೆ ಕಟ್ಟಿದ ನಮ್ಮ ಹಿರಿಯರು ಜಾಣರೇ ಸರಿ. ಆದರೆ ಎಪ್ಪತ್ತೆರಡು ವರ್ಷದ ಮನುಷ್ಯನೊಬ್ಬ ಹೆಗಲಿಗೆ ಭಾರವಾದ ಗಿಟಾರ್ ತೂಗುಹಾಕಿಕೊಂಡು, ಸಾವಿರಾರು ಜನರ ಮುಂದೆ ಗಂಟೆಗೂ ಮೀರಿ ನಿಂತು, ಬೆರಳಿನಿಂದ ನುಡಿಸುತ್ತ ಬಾಯಿಂದ ಹಾಡುವುದನ್ನು ಅವರು ನೋಡಿರಲಿಲ್ಲ.

ನಾನು ನೋಡಿದೆ. 2024ರ ಜನವರಿ 28, ಭಾನುವಾರ, ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸ್ ಮೈದಾನ. ಲೊಲ್ಲಾಪಲೂಝಾ ಎಂಬ ಅಮೆರಿಕದ ಸಂಗೀತೋತ್ಸವ ಎರಡನೆಯ ಸಲ ಭಾರತಕ್ಕೆ ಬಂದಿತ್ತು. ಹಿಂದಿನ ದಿನ ಜೋನಾಸ್ ಸಹೋದರರು ಬಂದು ನಿಮ್ಮಂಥವರನ್ನು ಕುಣಿಸಿ ಹೋಗಿದ್ದರು. ಭಾನುವಾರ ರಾತ್ರಿ ಹಾಡಿದವರು ಸ್ಟಿಂಗ್. ನನ್ನ ಮಗಳು ಟಿಕೆಟ್ ತಂದಿದ್ದಳು, ನಾನು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಹೊರಟೆ.

ಈ ಸುದ್ದಿ ಹೇಳಿದಾಗ ನಮ್ಮ ಸಂಘದ ಹುಡುಗನೊಬ್ಬ ಕೇಳಿದ: "ಆಂಟಿ, ಅವರ ದನಿ ಈಗ ಮೊದಲಿನ ಹಾಗೆ ಇಲ್ಲವಂತಲ್ಲ? ಫೋನಿನಲ್ಲಿ ಹಳೆಯ ರೆಕಾರ್ಡಿಂಗೇ ಇದೆ, ಅಷ್ಟು ದುಡ್ಡು ಕೊಟ್ಟು ಯಾಕೆ ಹೋಗಬೇಕು?" ಕೇಳಬೇಕಾದ ಪ್ರಶ್ನೆಯೇ. ಸಂಘದ ಗದ್ದಲದಲ್ಲಿ ಅವನಿಗೆ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಈ ಸಲದ ಪುಟವನ್ನು ಅದಕ್ಕೇ ಮೀಸಲಿಡುತ್ತೇನೆ.

ಮೊದಲು ಸ್ಟಿಂಗ್ ಯಾರೆಂದು ತಿಳಿಯದವರಿಗೆ ಎರಡು ಮಾತು. ಅವರ ನಿಜವಾದ ಹೆಸರು ಗಾರ್ಡನ್ ಸಮ್ನರ್. ಹುಟ್ಟಿದ್ದು 1951ರಲ್ಲಿ, ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಹಡಗು ಕಟ್ಟುವ ವಾಲ್ಸೆಂಡ್ ಎಂಬ ಊರಿನಲ್ಲಿ. ತಂದೆ ಹಾಲು ಮಾರುತ್ತಿದ್ದರು. ಮಗ ಕೆಲಕಾಲ ಶಾಲಾಮಾಸ್ತರನಾಗಿದ್ದ. ಆಗ ಕಪ್ಪು ಹಳದಿ ಪಟ್ಟೆಯ ಸ್ವೆಟರ್ ಹಾಕಿಕೊಂಡು ಜಾಝ್ ನುಡಿಸಲು ಹೋಗುತ್ತಿದ್ದುದರಿಂದ ಗೆಳೆಯರು ಕಣಜದ ಕೊಂಡಿ ಎಂಬರ್ಥದ ಈ ಅಡ್ಡಹೆಸರಿಟ್ಟರು. 1977ರಲ್ಲಿ ಶುರುವಾದ 'ದ ಪೊಲೀಸ್' ಎಂಬ ಮೂವರ ತಂಡದ ಹಾಡುಗಾರ ಅವರೇ. ಆ ತಂಡ 1980ರ ಮಾರ್ಚಿನಲ್ಲಿ ನಮ್ಮ ಮುಂಬಯಿಗೂ ಬಂದಿತ್ತು. ಧೋಬಿ ತಲಾವ್ ಹತ್ತಿರದ ರಂಗಭವನದ ಬಯಲು ಮಂದಿರದಲ್ಲಿ ಹಾಡಿದಾಗ ಸ್ಟಿಂಗ್‌ಗೆ ಇಪ್ಪತ್ತೆಂಟು ವರ್ಷ. ಅದೇ ಊರಿನಲ್ಲಿ ನಾನು ಅವರನ್ನು ನೋಡುವ ಹೊತ್ತಿಗೆ ನಡುವೆ ನಲವತ್ತನಾಲ್ಕು ವರ್ಷ ಕಳೆದಿದ್ದವು. ರಂಗಭವನದಲ್ಲಿ ಈಗ ಹಾಡೂ ಇಲ್ಲ, ಕೂಟವೂ ಇಲ್ಲ.

1980ರಲ್ಲಿ ನಾನು ಧಾರವಾಡದಲ್ಲಿ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಮುಂದೆ ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡಾಗ ಮುಂಬಯಿಯ ಸೋದರತ್ತೆಯ ಮಗ ರಜೆಗೆ ಬಂದವನು ಒಂದು ಕ್ಯಾಸೆಟ್ ಬಿಟ್ಟುಹೋದ. ಟೇಪು ಸುತ್ತಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ತಿರುಗಿಸಿ ತಿರುಗಿಸಿ ಆ ಹಾಡುಗಳನ್ನು ಕೇಳಿದ್ದೇನೆ. ಆ ದನಿ ಎತ್ತರಕ್ಕೆ ಏರಿ ಅಲ್ಲೇ ಗಾಳಿಪಟದ ಹಾಗೆ ನಿಲ್ಲುತ್ತಿತ್ತು.

ಮಹಾಲಕ್ಷ್ಮಿಯಲ್ಲಿ ಕೇಳಿದ ದನಿ ಹಾಗೆ ನಿಲ್ಲಲಿಲ್ಲ. ಇದನ್ನು ಮುಚ್ಚಿಡಬೇಕಾದ್ದಿಲ್ಲ. ಹಳೆಯ 'ರಾಕ್ಸಾನ್' ಹಾಡಿನ ಮೇಲಿನ ಸ್ವರವನ್ನು ಮುಟ್ಟಿ ಬೇಗ ಇಳಿಸಿಬಿಡುತ್ತಿದ್ದರು. ಕೆಲವು ಕಡೆ ತಾವು ಸುಮ್ಮನಾಗಿ ನಮಗೆ ಬಿಟ್ಟುಕೊಡುತ್ತಿದ್ದರು. ಮೈದಾನವೆಲ್ಲ ಹಾಡುತ್ತಿತ್ತು, ಅವರು ಅಷ್ಟರಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು. ಆದರೆ ಬೆರಳುಗಳು ಒಂದು ಕ್ಷಣವೂ ನಿಲ್ಲಲಿಲ್ಲ. ಅವರು ಬಹುಕಾಲದಿಂದ ನುಡಿಸುವುದು 1957ರ ಒಂದು ಫೆಂಡರ್ ಬಾಸ್ ಗಿಟಾರ್. ಅದರ ಬಣ್ಣ ಕಿತ್ತು ಮರ ಕಾಣುತ್ತದೆ. ಯಾರೂ ಅದಕ್ಕೆ ಹೊಸ ಬಣ್ಣ ಬಳಿಯಲು ಹೋಗಿಲ್ಲ.

ವಯಸ್ಸಾದಂತೆ ದನಿ ಯಾಕೆ ಹೀಗಾಗುತ್ತದೆ? ಗಂಟಲಿನೊಳಗೆ ಎರಡು ಪುಟ್ಟ ಸ್ವರತಂತುಗಳಿವೆ. ಅವು ಒಂದಕ್ಕೊಂದು ತಾಗಿ ಕಂಪಿಸಿದಾಗ ದನಿ ಹುಟ್ಟುತ್ತದೆ. ವಯಸ್ಸಾದಂತೆ ಅವುಗಳ ಸ್ನಾಯು ಕರಗುತ್ತದೆ, ಬಿಗಿ ಕಡಿಮೆಯಾಗುತ್ತದೆ, ನಡುವೆ ಸಂದು ಬಿದ್ದು ಗಾಳಿ ಸೋರುತ್ತದೆ. ಪುಪ್ಪುಸ ಮೊದಲಿನಷ್ಟು ಹಿಗ್ಗುವುದಿಲ್ಲ, ಆದ್ದರಿಂದ ಉದ್ದದ ಸಾಲು ಒಂದೇ ಉಸಿರಿಗೆ ಮುಗಿಯುವುದಿಲ್ಲ. ಇದಕ್ಕೆ ಹಾಡುಗಾರರು ಕಂಡುಕೊಂಡ ಉಪಾಯಗಳೂ ಇವೆ. ಶ್ರುತಿಯನ್ನು ಅರ್ಧ ಅಥವಾ ಒಂದು ಸ್ವರ ಇಳಿಸುತ್ತಾರೆ, ತಂತಿವಾದ್ಯಗಳನ್ನೂ ಅದಕ್ಕೆ ತಕ್ಕಂತೆ ಸಡಿಲಿಸುತ್ತಾರೆ. ಎತ್ತರದ ಸಾಲನ್ನು ಹಿಂದಿನ ಸಹಗಾಯಕರಿಗೆ ಹಂಚುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ನಿಮ್ಮ ತಾಯಿ ಹಿಟ್ಟು ಕಡಿಮೆಯಿದ್ದ ದಿನ ಚಪಾತಿ ಸಣ್ಣದಾಗಿ ಲಟ್ಟಿಸುವುದಿಲ್ಲವೇ?

ಆದರೂ ರಾಕ್ ಹಾಡುಗಾರನಿಗೆ ಮುಪ್ಪು ಬಂದರೆ ನಮಗೆ ಏನೋ ಕಸಿವಿಸಿ. ಅದಕ್ಕೆ ಕಾರಣವಿದೆ. ಆ ಸಂಗೀತ ಹುಟ್ಟಿದ್ದೇ ಯೌವನದ ಹೆಸರಿನಲ್ಲಿ. 1965ರಲ್ಲಿ 'ದ ಹೂ' ತಂಡದ ಪೀಟ್ ಟೌನ್‌ಶೆಂಡ್ ಮುಪ್ಪನ್ನು ಹಂಗಿಸಿ ಒಂದು ಹಾಡು ಬರೆದಾಗ ಅವರಿಗೆ ಇಪ್ಪತ್ತು ವರ್ಷ. ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್ ಮೂವರೂ 1970 ಮತ್ತು 71ರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ತೀರಿಕೊಂಡರು. ಪಂಚಗಣಿಯಲ್ಲಿ ಓದಿದ ಫ್ರೆಡ್ಡಿ ಮರ್ಕ್ಯುರಿ 1991ರಲ್ಲಿ ಹೋದಾಗ ನಲವತ್ತೈದು. ಅವರ ಚಿತ್ರಗಳಲ್ಲಿ ಒಂದೂ ನರೆಗೂದಲಿಲ್ಲ. ಉಳಿದವರು ಮಾತ್ರ, ಪಾಪ, ನಮ್ಮ ಕಣ್ಣೆದುರೇ ಮುದುಕರಾಗಬೇಕಾಯಿತು. ಹಂಗಿಸಿ ಹಾಡಿದ ಟೌನ್‌ಶೆಂಡ್ ಎಪ್ಪತ್ತು ದಾಟಿದ ಮೇಲೂ ಅದೇ ಹಾಡಿಗೆ ಗಿಟಾರ್ ಮೀಟಿದ್ದಾರೆ.

ಸ್ಟಿಂಗ್ ಹುಟ್ಟಿದ ವರ್ಷವೇ ಹುಟ್ಟಿದ ಫಿಲ್ ಕಾಲಿನ್ಸ್ ಅವರ ಕತೆ ಕೇಳಿ. ಅವರು ಮೊದಲು ಹೆಸರಾದದ್ದು ಡ್ರಮ್ ಬಾರಿಸಿ. ಬೆನ್ನುಮೂಳೆಯ ತೊಂದರೆಯಿಂದ ಕೊನೆಕೊನೆಗೆ ಕೋಲು ಹಿಡಿಯುವ ಶಕ್ತಿಯೂ ಹೋಯಿತು. 2022ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಜೆನೆಸಿಸ್ ತಂಡದ ಕೊನೆಯ ಕಛೇರಿಯಲ್ಲಿ ಅವರು ಕುರ್ಚಿಯಲ್ಲಿ ಕುಳಿತು ಹಾಡಿದರು. ಹಿಂದೆ ಅಪ್ಪನ ಜಾಗದಲ್ಲಿ ಕುಳಿತು ಡ್ರಮ್ ಬಾರಿಸಿದವನು ಮಗ ನಿಕ್.

ನನಗೆ ಇಂಥದ್ದೆಲ್ಲ ಅಷ್ಟು ಹೊಸತೆನಿಸಲಿಲ್ಲ. ಅದಕ್ಕೆ ನನ್ನ ಊರು ಕಾರಣ. ಧಾರವಾಡದಲ್ಲಿ ನಾನು ಕಾಲೇಜಿಗೆ ಹೋಗುವಾಗ ಪಂಡಿತ ಮಲ್ಲಿಕಾರ್ಜುನ ಮನ್ಸೂರರಿಗೆ ಎಪ್ಪತ್ತೆಂಟು. ಸಣ್ಣ ದೇಹ, ತಲೆಯ ಮೇಲೊಂದು ಟೋಪಿ. ತಂಬೂರಿಗಳ ನಡುವೆ ಕುಳಿತರೆ ಕಾಣಿಸುತ್ತಲೇ ಇರಲಿಲ್ಲ. ಅವರು ಯೌವನದಲ್ಲಿ, 1930ರ ದಶಕದಲ್ಲೇ, ಗ್ರಾಮಫೋನ್ ತಟ್ಟೆಗಳಿಗೆ ಹಾಡಿದವರು. ಆದರೂ ಕಛೇರಿ ಮುಗಿಸಿ ಹೊರಬಂದ ಒಬ್ಬರೂ 'ತಟ್ಟೆಯಲ್ಲಿ ಇದ್ದ ಹಾಗೆ ಇವತ್ತು ಇರಲಿಲ್ಲ' ಅಂದದ್ದನ್ನು ನಾನು ಕೇಳಲಿಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರಂತೂ 2006ರಲ್ಲಿ ತೊಂಬತ್ತಮೂರನೆಯ ವಯಸ್ಸಿನಲ್ಲೂ ವೇದಿಕೆಯಲ್ಲಿ ಹಾಡಿದರು. ಜನ ಕೈಮುಗಿದು ಕೇಳಿದರು.

ನಮ್ಮ ಸಂಗೀತದಲ್ಲಿ ಹಾಡುವವರೇ ತಮ್ಮ ಶ್ರುತಿ ಗೊತ್ತುಮಾಡಿಕೊಳ್ಳುತ್ತಾರೆ. ರಾಗ ಅಂದಂದಿನ ಅಡುಗೆ, ಅಂದೇ ಬೇಯಬೇಕು. ಆದ್ದರಿಂದ ಹೋಲಿಸಲು ನಿನ್ನೆಯದು ಅಷ್ಟಾಗಿ ಸಿಗುವುದಿಲ್ಲ. ರಾಕ್ ಹಾಡು ಹಾಗಲ್ಲ. ನಾಲ್ಕು ನಿಮಿಷದ ಹಾಡು ಒಮ್ಮೆ ತಟ್ಟೆಗೆ ಇಳಿದರೆ ಅದೇ ಶ್ರುತಿ, ಅದೇ ಉಸಿರು ಲಕ್ಷಾಂತರ ಕಿವಿಗಳಲ್ಲಿ ಅಚ್ಚೊತ್ತಿರುತ್ತದೆ. ಮುದಿ ಹಾಡುಗಾರ ವೇದಿಕೆ ಹತ್ತಿದಾಗ ಅವನ ಪ್ರತಿಸ್ಪರ್ಧಿ ಬೇರೆ ಯಾರೂ ಅಲ್ಲ, ಇಪ್ಪತ್ತೆಂಟು ವರ್ಷದ ಅವನೇ. ಆ ಹುಡುಗ ನಿಮ್ಮ ಜೇಬಿನ ಫೋನಿನಲ್ಲಿದ್ದಾನೆ. ಅವನಿಗೆ ನೆಗಡಿಯಾಗುವುದಿಲ್ಲ, ಮಂಡಿ ನೋಯುವುದಿಲ್ಲ. ಅವನ ಜೊತೆ ಪಂದ್ಯ ಕಟ್ಟಿ ಗೆಲ್ಲುವವರು ಯಾರಿದ್ದಾರೆ ಹೇಳಿ?

ಆದರೆ ಆ ಹುಡುಗನಿಗೆ ಆಗದ್ದು ಈ ಮುದುಕನಿಂದ ಆಗುತ್ತದೆ. 1983ರಲ್ಲಿ ಹೊರಬಂದ 'ಎವೆರಿ ಬ್ರೆತ್ ಯು ಟೇಕ್' ಹಾಡನ್ನು ನೋಡಿ. ಬಹಳ ಜನ ಅದನ್ನು ಪ್ರೇಮಗೀತೆಯೆಂದು ಮದುವೆಗಳಲ್ಲಿ ಹಾಕುತ್ತಾರೆ. ಆದರೆ ಅದು ಬಿಟ್ಟುಹೋದವಳ ಮೇಲೆ ಕಣ್ಣಿಟ್ಟು ಕಾಯುವವನ ಹಾಡು, ಸ್ವಲ್ಪ ಭಯಾನಕವೇ ಎಂದು ಸ್ಟಿಂಗ್ ಅವರೇ ಹೇಳಿದ್ದಾರೆ. ಕ್ಯಾಸೆಟ್ಟಿನಲ್ಲಿ ಕೇಳುವಾಗ ನನಗೂ ಅದರಲ್ಲಿ ಹಟ ಕೇಳಿಸುತ್ತಿತ್ತು. ಎಪ್ಪತ್ತೆರಡರ ದನಿಯಲ್ಲಿ ಆ ಹಟ ಕೇಳಿಸಲಿಲ್ಲ. ಎಲ್ಲರೂ ಎದ್ದುಹೋದ ಮನೆಯ ಕಿಟಕಿಯಲ್ಲಿ ಒಬ್ಬರೇ ಕುಳಿತವರ ಹಾಗೆ ಕೇಳಿಸಿತು. ಪದ ಒಂದೂ ಬದಲಾಗಿರಲಿಲ್ಲ. ಟೆನಿಸನ್ ಕವಿ ಮುದಿ ದೊರೆ ಯುಲಿಸಿಸ್‌ನ ಮನಸ್ಸನ್ನು ಪದ್ಯವಾಗಿ ಬರೆದದ್ದು 1833ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಹುಡುಗ ಮುಪ್ಪನ್ನು ಊಹಿಸಿ ಬರೆದದ್ದು ಅದು. ಇಲ್ಲಿ ಹುಡುಗನಾಗಿದ್ದಾಗ ಬರೆದದ್ದನ್ನು ಮುಪ್ಪಿನಲ್ಲಿ ಹಾಡಿದ್ದು. ಎರಡನೆಯದನ್ನು ಕೇಳಲು ಹಾಡುಗಾರ ಇರಬೇಕು, ನಾವೂ ಅಲ್ಲಿರಬೇಕು.

'ಮುಂದಿನ ಸಲ ನೋಡೋಣ' ಅನ್ನುವವರಿಗೆ ಇನ್ನೊಂದು ಮಾತು. ರೋಲಿಂಗ್ ಸ್ಟೋನ್ಸ್ ತಂಡ 2003ರ ಏಪ್ರಿಲ್ 4ರಂದು ಬೆಂಗಳೂರಿನಲ್ಲಿ, 7ರಂದು ಮುಂಬಯಿಯ ಬ್ರಬೋರ್ನ್ ಕ್ರೀಡಾಂಗಣದಲ್ಲಿ ಹಾಡಿತು. ಆಗಲೇ ಅವರನ್ನು ತಾತಂದಿರು ಎಂದು ನಗುವವರಿದ್ದರು. ಅಂದು ಡ್ರಮ್ ಬಾರಿಸಿದ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡರು.

ಈಗ ಮನೆಯ ಮಾತಿಗೆ ಬರುತ್ತೇನೆ. ನಮ್ಮತ್ತೆಯವರಿಗೆ ಎಂಬತ್ತನಾಲ್ಕು. ಧಾರವಾಡದ ಕಡೆಯ ಹಳ್ಳಿಯವರು, ಈಗ ನಮ್ಮ ಜೊತೆ ಮುಂಬಯಿಯಲ್ಲಿದ್ದಾರೆ. ಒಂದು ಕಾಲಕ್ಕೆ ಇಲ್ಲಿ ನಮ್ಮವರ ಯಾವ ಮದುವೆಯಾದರೂ ಹಸೆಗೆ ಕರೆಯುವ ಹಾಡು, ಆರತಿ ಹಾಡು ಅವರದೇ. ಕೆಲವು ವರ್ಷಗಳ ಹಿಂದೆ ಒಂದು ನಾಮಕರಣದಲ್ಲಿ ತೊಟ್ಟಿಲ ಹಾಡು ಹೇಳುವಾಗ ಮೇಲಿನ ಸಾಲಿನಲ್ಲಿ ದನಿ ಒಡೆಯಿತು. ಮಕ್ಕಳು ನಕ್ಕರು. ಯಾರೋ ಫೋನ್ ಎತ್ತಿ ಹಿಡಿದರು. ಕೆಟ್ಟ ಮನಸ್ಸಿನಿಂದಲ್ಲ, ಮಕ್ಕಳಲ್ಲವೇ. ಆದರೆ ಅಂದಿನಿಂದ ಅತ್ತೆ ಹಾಡಲಿಲ್ಲ. ಕೇಳಿದರೆ "ಗಂಟಲ ಸರಿ ಇಲ್ಲ" ಅನ್ನುತ್ತಿದ್ದರು.

ಕಛೇರಿಯ ಮರುದಿನ ನನ್ನ ಮಗಳು ಅಜ್ಜಿಯ ಹತ್ತಿರ ಕೂತು ಎಲ್ಲ ವಿವರಿಸಿದಳು. "ಅಜ್ಜೀ, ಆ ತಾತನೂ ಮೇಲಿನ ಸ್ವರ ಬಿಟ್ಟು ಹಾಡಿದರು. ನೀನೂ ಇಳಿಸಿ ಹಾಡು." ಅತ್ತೆ ಸ್ವಲ್ಪ ಹೊತ್ತು ಬತ್ತಿ ಹೊಸೆಯುತ್ತಲೇ ಇದ್ದರು. ಆಮೇಲೆ ಅಂದರು: "ಅವಂಗ ಹಿಂದ ಎತ್ತಿ ಹಿಡಿಯೋ ಮಂದಿ ಇದ್ರು. ನನಗ ಯಾರಿದ್ದಾರ?"

ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಸಂಪ್ರದಾಯದ ಹಾಡನ್ನು ಒಬ್ಬರೇ ಹೇಳುವುದಿಲ್ಲ. ಒಬ್ಬರು ಸಾಲು ಬಿಟ್ಟಲ್ಲಿ ಇನ್ನೊಬ್ಬರು ಎತ್ತಿಕೊಳ್ಳಬೇಕು. ಅವರ ಜೊತೆ ಎತ್ತಿಕೊಳ್ಳುತ್ತಿದ್ದ ಇಬ್ಬರು ಓರಗೆಯವರು ಈಗಿಲ್ಲ. ನನ್ನ ದನಿಯ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿದೆ, ಅದು ಬೇಡವೇ ಬೇಡ. ಕೊನೆಗೆ ಮಗಳೇ ಒಂದು ನೋಟ್‌ಬುಕ್ ತಂದಳು. ಅವಳಿಗೆ ಕನ್ನಡ ಬರೆಯಲು ಬಾರದು, ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಳ್ಳುತ್ತಾಳೆ. ರವಿವಾರ ಮಧ್ಯಾಹ್ನ ಊಟವಾದ ಮೇಲೆ ಕೂರುತ್ತಾರೆ. ಎರಡು ಹಾಡಿಗೆ ಅತ್ತೆಗೆ ದಣಿವಾಗುತ್ತದೆ. ಇದುವರೆಗೆ ಒಂಬತ್ತು ಹಾಡು ಬರೆದಾಗಿದೆ. ಹತ್ತನೆಯದರಲ್ಲಿ ನಡುವಿನ ನುಡಿ ಅತ್ತೆಗೆ ನೆನಪಾಗುತ್ತಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದಾಳೆ. ಸ್ಟಿಂಗ್ ಅವರ ಹಾಡು ಯಾವ ಫೋನಿನಲ್ಲೂ ಸಿಗುತ್ತದೆ. ಆ ನುಡಿ ಇನ್ನೆಲ್ಲಿ ಹುಡುಕಿದರೂ ನಮಗೆ ಸಿಗಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಿಮ್ಮ ಮನೆಯ ಹಿತ್ತಲಲ್ಲಿ ಯಾವ ಗಿಡವಿದೆ, ನೋಡಿ. ಬಯಲಾಟದ ಪದವೋ, ಬೀಸುವ ಪದವೋ, ದಾಸರ ಪದವೋ. ದನಿ ಒಡೆದರೆ ನಗಬೇಡಿ, ಮುಂದಿನ ಸಾಲು ಎತ್ತಿಕೊಳ್ಳಿ. ಫೋನಿನಲ್ಲಿ ಹಿಡಿಯಿರಿ, ಆದರೆ ಕೇಳಿ ಹಿಡಿಯಿರಿ.

ಹಾಗೆಯೇ ನಿಮ್ಮೂರಿಗೆ ಯಾರಾದರೂ ಹಳೆಯ ಹಾಡುಗಾರರು ಬಂದರೆ ಖಂಡಿತ ಹೋಗಿ. ಕಿವಿಗೆ ಸಣ್ಣ ಇಯರ್‌ಪ್ಲಗ್ ಇಟ್ಟುಕೊಳ್ಳಿ. ಅಬ್ಬರದ ಸದ್ದಿನಿಂದ ಎಷ್ಟೋ ರಾಕ್ ವಾದಕರೇ ಕಿವಿ ಕಳೆದುಕೊಂಡಿದ್ದಾರೆ. ನೀರು ಕುಡಿಯಿರಿ, ಹೊರಗೆ ಬರುವಾಗ ನೂಕಬೇಡಿ. ಸಾಧ್ಯವಾದರೆ ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಕರೆದೊಯ್ಯಿರಿ. ಮಂಡಿನೋವಿನ ನೆಪ ಹೇಳುತ್ತಾರೆ, ನಂಬಬೇಡಿ. ಹಾಡು ಶುರುವಾದ ಮೇಲೆ ನಿಮಗಿಂತ ಮುಂದೆ ಅವರೇ ನಿಂತಿರುತ್ತಾರೆ.

ಮತ್ತೆ ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ. ಅಷ್ಟರಲ್ಲಿ ಯಾರಿಗಾದರೂ ಆ ಹತ್ತನೆಯ ಹಾಡು ಗೊತ್ತಿರಬಹುದೆನಿಸಿದರೆ ಸಂಘದ ಕಚೇರಿಗೆ ಒಂದು ಮಾತು ತಿಳಿಸಿ. ಹಾಲು ಬತ್ತಿದ ಹಸುವಿನ ಕರುವಿಗೆ ನೆರೆಮನೆಯ ಹಸು ಮೊಲೆಯೂಡುವ ತೊಟ್ಟಿಲ ಹಾಡು ಅದು. ಮೊದಲ ಎರಡು ನುಡಿ ಮತ್ತು ಕೊನೆಯದು ನಮ್ಮಲ್ಲಿವೆ.