ಆರಾಮದ ಸವಾರಿ ಯಾವುದು?

ವಾರ್ಷಿಕ ಸಂಚಿಕೆಯಲ್ಲಿ ಮೋಟಾರ್ ಸೈಕಲ್ಲಿನ ವಿಚಾರವೇ ಎಂದು ನಮ್ಮ ಅಧ್ಯಾಪಕರಲ್ಲಿ ಕೆಲವರು ಹುಬ್ಬೇರಿಸಿಯಾರು. ಆದರೆ ಈ ವರ್ಷ ವಿದ್ಯಾರ್ಥಿನಿಲಯದಲ್ಲಿ ಕುಮಾರವ್ಯಾಸನಿಗಿಂತ ಹೆಚ್ಚು ಚರ್ಚೆಗೆ ಒಳಗಾದ ವಿಷಯ ಅದೇ ಎಂಬುದನ್ನು ನಿಲಯಪಾಲಕರೂ ಬಲ್ಲರು. ದೂರದ ಪ್ರಯಾಣದ ಸುಖಕ್ಕೆ ‘ಪವರ್ ಕ್ರೂಸರ್’ ಎಂಬ ತಗ್ಗು ಆಸನದ, ನೀಳವಾದ, ದೊಡ್ಡ ಎಂಜಿನ್ನಿನ ಬಂಡಿಯೇ ಬೇಕೆಂದು ಒಂದು ಪಕ್ಷ. ತುಸು ಮುಂದಕ್ಕೆ ಬಾಗಿ ಕೂರುವ, ಎದುರಿಗೆ ಗಾಳಿತಡೆಯುಳ್ಳ ‘ಸ್ಪೋರ್ಟ್ ಟೂರರ್’ ಬೇಕೆಂದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದವನು. ಏಕೆಂಬುದನ್ನು ನಾಲ್ಕು ಜನರ ಮುಂದೆ ಹೇಳಿಬಿಡುವುದು ಒಳ್ಳೆಯದು.

ಇದು ನನಗೆ ಬರಿಯ ಹರಟೆಯ ವಿಷಯವಲ್ಲ. ನಮ್ಮಣ್ಣನಿಗೆ ಸಹಕಾರ ಸಂಘದಲ್ಲಿ ಸಾಲ ಮಂಜೂರಾಗಿದೆ. ಅಮ್ಮನನ್ನು ತಿಂಗಳಿಗೊಮ್ಮೆ 90 ಕಿಲೋಮೀಟರ್ ದೂರದ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊತ್ತಿಗೆ ಸರಿಯಾಗಿ ಊರಿನಿಂದ ಬಸ್ಸಿಲ್ಲ. ಅಣ್ಣನಿಗೂ ಒಂದು ವರ್ಷದಿಂದ ಸೊಂಟನೋವು. ಕೊಂಡ ಬಂಡಿಯನ್ನು ಐದಾರು ವರ್ಷ ಮಾರುವಂತಿಲ್ಲ.

ಎರಡು ಜಾತಿಯ ಬಂಡಿಗಳೂ ಹುಟ್ಟಿದ್ದು ಬೇರೆ ನೆಲದಲ್ಲಿ. ಕಾಲು ಮುಂದಕ್ಕೆ ಚಾಚಿ ಕೂರುವ ಭಂಗಿ ಅಮೆರಿಕದ ಅಗಲವಾದ, ನೇರವಾದ ರಸ್ತೆಗಳಲ್ಲಿ ಬೆಳೆಯಿತು. ಅದಕ್ಕೆ ಭಾರಿ ಶಕ್ತಿಯನ್ನು ಕೂಡಿಸಿದ ಮೊದಲಿಗರಲ್ಲಿ ಜಪಾನಿನ ಯಮಾಹ ಸಂಸ್ಥೆಯೂ ಒಂದು. 1985ರ ಅದರ ವಿ-ಮ್ಯಾಕ್ಸಿಗೆ ಇದ್ದುದು 1198 ಸಿ.ಸಿ. ಎಂಜಿನ್ನು. ಇಂಗ್ಲೆಂಡಿನ ಟ್ರಯಂಫ್ ಸಂಸ್ಥೆಯ ರಾಕೆಟ್ 3 ಎಂಬುದು 2019ರಲ್ಲಿ 2458 ಸಿ.ಸಿ.ಗೆ ಮುಟ್ಟಿತು, ನಮ್ಮೂರಿನ ಅನೇಕ ಕಾರುಗಳಿಗೂ ಅಷ್ಟಿಲ್ಲ. ಇತ್ತ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 1976ರಲ್ಲಿ ಆರ್ 100 ಆರ್‌ಎಸ್ ಎಂಬ ಬಂಡಿಯನ್ನು ತಂದಿತು. ಇಟಲಿಯ ಪಿನಿನ್‌ಫರೀನದವರ ಗಾಳಿಸುರಂಗದಲ್ಲಿ ಪರೀಕ್ಷಿಸಿ ಅದರ ಮುಂಗವಚವನ್ನು ರೂಪಿಸಿದರು. ಸವಾರನ ದಣಿವಿಗೆ ಆಸನದಷ್ಟೇ ಗಾಳಿಯೂ ಕಾರಣವೆಂದು ಕಂಡುಕೊಂಡವರು ಅವರು.

ಈ ದೊಡ್ಡ ಬಂಡಿಗಳಿಗೆ ನಮ್ಮ ಸಾಲ ಸಾಲದು. ಅಣ್ಣನ ಎದುರಿಗಿರುವುದು ಅವುಗಳ ಚಿಕ್ಕ ಬಂಧುಗಳು: ರಾಯಲ್ ಎನ್‌ಫೀಲ್ಡಿನವರು 2020ರಲ್ಲಿ ತಂದ ಮೀಟಿಯೋರ್ 350, ಬಜಾಜಿನವರು 2016ರಲ್ಲಿ ತಂದ ಡಾಮಿನಾರ್ 400. ಮೊದಲನೆಯದರದು ಸುಮಾರು 20 ಅಶ್ವಶಕ್ತಿ. ‘ಪವರ್’ ಎಂಬ ವಿಶೇಷಣ ಅದಕ್ಕೆ ಒಪ್ಪದಿದ್ದರೂ ಕೂರುವ ಭಂಗಿ ಕ್ರೂಸರಿನದೇ. ಆಸನ ನೆಲದಿಂದ 765 ಮಿಲಿಮೀಟರ್, ಡಾಮಿನಾರಿನದು 800.

ಅಂಗಡಿಯಲ್ಲಿ ಕ್ರೂಸರಿನ ಮೇಲೆ ಕುಳಿತವರಿಗೆ ಏಳಲು ಮನಸ್ಸಾಗದು. ಸಿಂಹಾಸನದಂಥ ಮೆತ್ತೆ, ಎರಡು ಪಾದಗಳೂ ನೆಲದ ಮೇಲೆ, ಕೈಗೆ ತಾನಾಗಿ ಬರುವ ಹ್ಯಾಂಡಲ್. ಆದರೆ ಸ್ವಾಮಿ, ಅಂಗಡಿಯಲ್ಲಿ ಬಂಡಿ ನಿಂತಿರುತ್ತದೆ. ಓಡುವಾಗ ನಡೆಯುವುದೇ ಬೇರೆ. ಕಾಲು ಮುಂದಿರುವುದರಿಂದ ದೇಹದ ಭಾರವೆಲ್ಲ ಬೆನ್ನೆಲುಬಿನ ಬುಡದ ಮೇಲೆ ಬೀಳುತ್ತದೆ. ಗುಂಡಿ ಎದುರಾದರೆ ಏಳುವ ಉಪಾಯವಿಲ್ಲ. ಸೈಕಲ್ ತುಳಿದವರಿಗೆಲ್ಲ ಗೊತ್ತು: ಗುಂಡಿ ಕಂಡೊಡನೆ ಪೆಡಲಿನ ಮೇಲೆ ಕಾಲೂರಿ ಸೊಂಟವನ್ನು ಬೆರಳಷ್ಟು ಎತ್ತುತ್ತೇವೆ, ಪೆಟ್ಟು ಮೊಣಕಾಲಿನಲ್ಲಿಯೇ ಕರಗಿಹೋಗುತ್ತದೆ. ಕುದುರೆಯ ಸವಾರನಿಗೆ ರಿಕಾಪು ಇರುವುದೂ ಇದಕ್ಕೇ. ಪಾದ ಸೊಂಟದ ಕೆಳಗಿದ್ದರೆ ಮಾತ್ರ ಇದು ಸಾಧ್ಯ. ಟೂರರಿನಲ್ಲಿ ಅದು ಅಲ್ಲಿಯೇ ಇರುತ್ತದೆ. ಮೇಲಾಗಿ ಆಸನ ತಗ್ಗಿದಷ್ಟೂ ಹಿಂಚಕ್ರದ ಸ್ಪ್ರಿಂಗು ಆಡಲು ಸ್ಥಳ ಕಡಿಮೆ. ಮೆತ್ತೆ ಎಷ್ಟು ದಪ್ಪವಿದ್ದರೇನು?

ಹಾಗೆ ನೋಡಿದರೆ ನಮ್ಮ ಹಿರಿಯರಿಗೆ ಇದು ಹೊಸ ಸಂಗತಿಯಲ್ಲ. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ, ಅನಂತರ 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಬಂದ ಯೆಜ್ಡಿ, ಇವುಗಳ ಮೇಲೆ ನೆಟ್ಟಗೆ ಕುಳಿತು ಎಷ್ಟೋ ಜನ ಮಲೆನಾಡಿನ ಘಟ್ಟಗಳನ್ನು ಹತ್ತಿಳಿದರು. ಕಾಲು ಚಾಚಬೇಕೆಂದು ಅವರಿಗೆ ತೋರಲಿಲ್ಲ.

ಗಾಳಿಯ ಮಾತು. ವೇಗ ಇಮ್ಮಡಿಸಿದರೆ ಗಾಳಿಯ ತಡೆ ನಾಲ್ಮಡಿಸುತ್ತದೆ. ಕೈ ಚಾಚಿ, ಎದೆ ತೆರೆದು ಕುಳಿತವನು ನೂರರ ವೇಗದಲ್ಲಿ ಹಡಗಿನ ಹಾಯಿಯಂತಾಗಿ, ಹ್ಯಾಂಡಲಿಗೆ ಜೋತುಬಿದ್ದು ಪ್ರಯಾಣ ಮಾಡುತ್ತಾನೆ. ಮುಂದಕ್ಕೆ ಬಾಗಿದವನಿಗೆ ಅದೇ ಗಾಳಿ ಅಷ್ಟಿಷ್ಟು ಊರೆಯಾಗುತ್ತದೆ. ಆದರೆ ನಮಗೆ ಆ ವೇಗವೆಲ್ಲಿ? 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥಕ್ಕೆ ದ್ವಿಚಕ್ರ ವಾಹನಗಳ ಪ್ರವೇಶವನ್ನೇ ನಿಷೇಧಿಸಿದರು. ಪಕ್ಕದ ಸರ್ವಿಸ್ ರಸ್ತೆ ನಮ್ಮ ಪಾಲಿಗೆ ಬಂದಿತು. ಇನ್ನು ನಮ್ಮ ಜಿಲ್ಲಾ ರಸ್ತೆಗಳಲ್ಲಿ ಶಾಲೆಗೊಂದು ಹಂಪು, ಗುಡಿಗೊಂದು ಹಂಪು, ಪ್ರತಿಷ್ಠಿತರ ಮನೆಗೊಂದು ಹಂಪು. ಆದುದರಿಂದ ನನ್ನ ವಾದ ನಿಂತಿರುವುದು ಗಾಳಿಯ ಮೇಲಲ್ಲ, ಹಂಪಿನ ಮೇಲೆ.

ಪ್ರತಿಪಕ್ಷದವರಿಗೆ ಸಲ್ಲಬೇಕಾದುದನ್ನು ಸಲ್ಲಿಸೋಣ. ಮೊಣಕಾಲು ನೋಯುವವರಿಗೆ ಟೂರರಿನ ಮಡಿಚಿದ ಕಾಲು ಹಿಂಸೆಯೇ. ಸಂತೆಯ ದಿನದ ನೂಕುನುಗ್ಗಲಿನಲ್ಲಿ ಬಾಗಿ ಕುಳಿತರೆ ಮಣಿಕಟ್ಟು ಸೋಲುತ್ತದೆ. ಕುಳ್ಳಗಿರುವವರಿಗೆ ತಗ್ಗು ಆಸನ ಕೊಡುವ ಧೈರ್ಯವೂ ಸಣ್ಣದಲ್ಲ. ನೋವು ಸೊಂಟದಲ್ಲಿದ್ದರೆ ಮಾತ್ರ ನನ್ನ ಸಲಹೆ ಬದಲಾಗದು.

ವಿದ್ಯಾರ್ಥಿನಿಲಯದ ಎರಡು ಪಕ್ಷದವರೂ ಮರೆಯುವ ಒಬ್ಬರಿದ್ದಾರೆ, ಹಿಂದೆ ಕೂರುವವರು. ಅವರ ಆಸನ ಹೆಚ್ಚುಕಡಿಮೆ ಹಿಂಚಕ್ರದ ಅಚ್ಚಿನ ಮೇಲೆಯೇ ಇರುವುದರಿಂದ ಪೆಟ್ಟಿನ ದೊಡ್ಡ ಪಾಲು ಅವರಿಗೆ. ಗುಂಡಿ ಬರುವುದು ಅವರಿಗೆ ಕಾಣಿಸುವುದೂ ಇಲ್ಲ. ಹಿಂದೆ ಕೂರುವವರಿಗೆ ಕೈಹಿಡಿ, ಕಾಲೂರುವ ಆಸರೆ, ಬಟ್ಟೆ ಸಿಲುಕದಂತೆ ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ತಡೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಅಷ್ಟರಮಟ್ಟಿಗೆ ಕಾಯಿದೆ ನಮಗಿಂತ ಮರ್ಯಾದಸ್ಥ. ಇಲ್ಲಿ ನನ್ನ ಪಕ್ಷಕ್ಕೆ ಒಂದು ತೊಡಕುಂಟು: ಸೀರೆಯುಟ್ಟು ಒಂದು ಮಗ್ಗುಲಾಗಿ ಕೂರುವ, ಅರುವತ್ತು ದಾಟಿದ ಹೆಂಗಸಿಗೆ ಎತ್ತರದ ಆಸನವನ್ನು ಹತ್ತುವುದೇ ಕಷ್ಟ. ಹತ್ತುವುದು ಒಂದು ನಿಮಿಷ, ಕೂರುವುದು ಎರಡೂವರೆ ಗಂಟೆ ಎಂದು ನಾನು ವಾದಿಸಿದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ಹಿಂದೆ ಹಿಡ್ಕೊಳ್ಳೋಕೆ ಏನಿದೆ ಅದು ಹೇಳಪ್ಪ” ಎಂದಳು. ಅಣ್ಣನೂ ನಾನೂ ಮುಖ ಮುಖ ನೋಡಿಕೊಂಡೆವು.

ಎರಡು ಅಂಗಡಿಯವರೂ ಒಂದೊಂದು ಸುತ್ತು ಓಡಿಸಿ ನೋಡಲು ಒಪ್ಪಿದ್ದಾರೆ. ಒಬ್ಬನೇ ಹೋಗಬೇಡ, ಅಮ್ಮನನ್ನು ಕೂರಿಸಿಕೊಂಡು ಕಾಲುವೆಯ ಸೇತುವೆಯ ಆ ಎರಡು ಹಂಪುಗಳ ಮೇಲೆ ಹಾಯಿಸಿಕೊಂಡು ಬಾ ಎಂದು ಅಣ್ಣನಿಗೆ ಹೇಳಿದ್ದೇನೆ. ಬರುವ ಶನಿವಾರ ಹೋಗುತ್ತಾರೆ. ಅಮ್ಮ ಆಗಲೇ ಒಂದು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತೆಗೆದಿಟ್ಟಿದ್ದಾಳೆ.