ನೂರು ಮೀಟರ್ ಕಡಿಮೆ ಮಾಡುವ ಮುನ್ನ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಸನ್ನತಿ ಎಂದರೆ ಒಂದು ಅಂಕ. ಕಲಬುರಗಿ ಜಿಲ್ಲೆಯಲ್ಲಿ ಅಶೋಕನ ಶಾಸನ ಸಿಕ್ಕ ಊರು ಯಾವುದು? ಉತ್ತರ ಗುರುತು ಹಾಕಿ ಮುಂದಕ್ಕೆ ಹೋಗುತ್ತೇವೆ. ಅದು ಸಿಕ್ಕಿದ್ದು ಹೇಗೆ ಎಂದು ಯಾವ ಗೈಡೂ ಕೇಳುವುದಿಲ್ಲ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಮುಂದೆ 1994ರಿಂದ ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಹೊರಬಂತು. ಅಶೋಕನ ಹೆಸರು ಕೊರೆದ ಉಬ್ಬುಶಿಲ್ಪವೂ ಅಲ್ಲಿತ್ತು. ಅದಕ್ಕೂ ಮೊದಲು ಯಾರಾದರೂ ‘ಇಲ್ಲಿ ಕಾಪಾಡುವಂಥದ್ದು ಏನಿದೆ?’ ಎಂದಿದ್ದರೆ ನಮ್ಮಲ್ಲಿ ಉತ್ತರ ಇರುತ್ತಿರಲಿಲ್ಲ.

ಸ್ಮಾರಕಗಳ ಸುತ್ತಲಿನ ಜಾಗವನ್ನು ಕಡಿಮೆ ಮಾಡಬೇಕೆಂಬ ಮಾತು ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಈ 100 ಮೀಟರ್ ಒಳಗೂ ಕೇಂದ್ರದ ಸಾರ್ವಜನಿಕ ಕಾಮಗಾರಿಗೆ ಅವಕಾಶ ಕೊಡುವ ಮಸೂದೆಯನ್ನು 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಅದು ಆಯ್ಕೆ ಸಮಿತಿಗೆ ಹೋಯಿತು, ಕಾನೂನಾಗಲಿಲ್ಲ. ನಿಯಮ ಸಡಿಲಿಸಿ ಎಂಬ ಒತ್ತಾಯ ಮಾತ್ರ ನಿಂತಿಲ್ಲ.

ಇದ್ದ ನಿಯಮವೇ ಎಷ್ಟು ಕಾಪಾಡಿದೆ ನೋಡಿ. ರಕ್ಷಿತ ಸ್ಮಾರಕಗಳ ಪೈಕಿ 50 ಕಾಣೆಯಾಗಿವೆ ಎಂದು 2022ರ ಕೊನೆಯಲ್ಲಿ ಸಂಸತ್ತಿನ ಸಮಿತಿಗೆ ಸರ್ಕಾರವೇ ತಿಳಿಸಿತು. 14ನ್ನು ಬೆಳೆಯುವ ನಗರಗಳು ನುಂಗಿವೆ, 12 ಜಲಾಶಯದಲ್ಲಿ ಮುಳುಗಿವೆ, 24ರ ಪತ್ತೆಯೇ ಇಲ್ಲ. 2024ರ ಮಾರ್ಚ್‌ನಲ್ಲಿ 18 ಸ್ಮಾರಕಗಳನ್ನು ಪಟ್ಟಿಯಿಂದ ಕೈಬಿಡುವ ಅಧಿಸೂಚನೆ ಬಂತು. ಕಾಡಿನ ಕಥೆಯೂ ಬೇರೆಯಲ್ಲ. ಬನ್ನೇರುಘಟ್ಟದ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇತ್ತು, 2020ರ ಅಂತಿಮ ಅಧಿಸೂಚನೆಯಲ್ಲಿ ಸುಮಾರು 169ಕ್ಕೆ ಇಳಿಯಿತು. ಸ್ಮಾರಕವಾಗಲಿ ಕಾಡಾಗಲಿ, ಮೊದಲು ಕರಗುವುದು ಅಂಚು.

ಆದರೆ ಅಂಚಿನಲ್ಲಿ ಜನರೂ ಇದ್ದಾರೆ. ಅಜ್ಜನ ಕಾಲದ ಮನೆಗೆ ಒಂದು ಕೋಣೆ ಸೇರಿಸಬೇಕಾದವನಿಗೆ ‘ಪರಂಪರೆ ಉಳಿಸಿ’ ಎಂದು ಬುದ್ಧಿ ಹೇಳುವುದು ಸುಲಭ. ರಿಪೇರಿಗೆ ಅನುಮತಿ ಕೇಳಬಹುದು ಎಂದು ಕಾನೂನು ಹೇಳುತ್ತದೆ, ಸರಿ. ಹಳ್ಳಿಯ ರೈತ ಆ ಅರ್ಜಿ ಹಿಡಿದು ಎಷ್ಟು ಕಚೇರಿ ಸುತ್ತಬೇಕು? ಎಲ್ಲ ಕಡೆಗೂ ಒಂದೇ 100 ಮೀಟರ್ ಎಂಬುದು ಒರಟು ಅಳತೆಯೇ. ಬದಲಾಯಿಸಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಕೆಲವು ಕಡೆ ಅದು 50 ಮೀಟರ್ ಆದರೆ, ಸನ್ನತಿಯಂಥ ಕಡೆ 500 ಆಗಬೇಕಾದೀತು. ಕಡಿಮೆ ಮಾಡುವ ಮಾತೊಂದೇ ಕೇಳಿಬರುತ್ತದೆ ಎನ್ನುವುದೇ ನನ್ನ ತಕರಾರು.

ಮೊದಲು ನೆಲದ ಸರ್ವೆ ಆಗಲಿ, ಅದರ ನಕ್ಷೆ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಲಿ, ಆಮೇಲೆ ಗೆರೆ ಎಳೆಯಲಿ. ಆ ಸರ್ವೆಗೆ ಇತಿಹಾಸ ಓದಿದ, ಭೀಮಾ ದಂಡೆಯ ಹೊಲಗಳನ್ನು ಬಲ್ಲ ಹುಡುಗ ಹುಡುಗಿಯರು ಬೇಕು. ಯಡ್ರಾಮಿ, ಜೇವರ್ಗಿ ಕಡೆ ಅಂಥವರಿದ್ದಾರೆ. ಸದ್ಯ ಅವರು ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ ಹತ್ತುತ್ತಿದ್ದಾರೆ.