ರಸಾಯನಶಾಸ್ತ್ರದ ಪುಸ್ತಕದೊಳಗೆ ಕೊಲೆ!

ಪಿಯುಸಿ ಓದುವ ಮಗನ ರಸಾಯನಶಾಸ್ತ್ರದ ಪುಸ್ತಕದೊಳಗೆ ಕೊಲೆಯ ಕಥೆ ಸಿಕ್ಕರೆ ನಾಗಸಂದ್ರದ ತಾಯಿ ಸಿಡುಕುವುದು ಸಹಜ. ಆದರೆ ಅದು ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಆಗಿದ್ದರೆ ಸ್ವಲ್ಪ ತಾಳಬೇಕು. ಅದರಲ್ಲಿರುವುದೂ ರಸಾಯನಶಾಸ್ತ್ರವೇ!

ಮೊದಲ ಮಹಾಯುದ್ಧದ ಕಾಲದಲ್ಲಿ ಕ್ರಿಸ್ಟಿ ಆಸ್ಪತ್ರೆಯೊಂದರ ಔಷಧಾಲಯದಲ್ಲಿ ಕೆಲಸ ಮಾಡುತ್ತಿದ್ದರು. ವಿಷಗಳ ಪರಿಚಯವಾದದ್ದು ಅಲ್ಲೇ. ಪತ್ತೇದಾರಿ ಕಥೆ ನಿನ್ನಿಂದಾಗದು ಎಂದು ಅಕ್ಕ ಹಾಕಿದ ಸವಾಲೂ ಜೊತೆಗೂಡಿತು. ಹೋಮ್ಸ್–ವಾಟ್ಸನ್ ಜೋಡಿಯ ಜಾಡಿನಲ್ಲೇ ಪ್ವಾರೊ–ಹೇಸ್ಟಿಂಗ್ಸ್ ಹುಟ್ಟಿದರು. ಹಲವು ಪ್ರಕಾಶಕರು ಹಿಂದಿರುಗಿಸಿದ ಹಸ್ತಪ್ರತಿ 1920ರಲ್ಲಿ ಅಚ್ಚಾಯಿತು.

ಶ್ರೀಮಂತ ವೃದ್ಧೆಯೊಬ್ಬಳು ಸ್ಟ್ರಿಕ್ನಿನ್ ವಿಷದಿಂದ ಸಾಯುತ್ತಾಳೆ. ಪುಡಿಯಾದ ಕಾಫಿ ಬಟ್ಟಲು, ಅಗ್ಗಿಷ್ಟಿಕೆಯಲ್ಲಿ ಸುಟ್ಟುಳಿದ ಕಾಗದದ ಚೂರು, ಹೀಗೆ ಸುಳಿವುಗಳು ಓದುಗನ ಕಣ್ಣೆದುರಿಗೇ ಬೀಳುತ್ತವೆ. ಆದರೂ ಹೇಸ್ಟಿಂಗ್ಸ್‌ನಂತೆ ಓದುಗನೂ ಎಡವುತ್ತಾನೆ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ತಿಳಿಯುವುದು ಆಗಲೇ.

ಕನ್ನಡಕ್ಕೆ ಈ ರುಚಿ ಹತ್ತಿಸಿದವರು ಎನ್. ನರಸಿಂಹಯ್ಯ. ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಮೊದಲನೆಯದು 1952ರ 'ಪತ್ತೇದಾರ ಪುರುಷೋತ್ತಮನ ಸಾಹಸ'.

ಪುಸ್ತಕ ಕಸಿಯುವ ಬದಲು, ಕೊನೆಯ ಅಧ್ಯಾಯಕ್ಕೆ ಮುನ್ನ ಅಮ್ಮ ಕೇಳಲಿ: 'ಕೊಂದದ್ದು ಯಾರೋ? ಹೇಗೆ ಹೇಳ್ತೀಯ?' ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ಮಗ ಪುಟ ಹಿಂದಕ್ಕೆ ತಿರುವಿದನೋ, ಅವನಿಗೆ ಓದುವುದು ಬಂತೆಂದೇ ಲೆಕ್ಕ.